ನಿಮ್ಮ ಲೇಖನದಲ್ಲಿ ಮಳೆಯೇ ಬರಲಿಲ್ಲ

ಮಿತ್ರರೇ,

ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳಲ್ಲಿ ಮಳೆನೀರಿನ ಚರಂಡಿ ಮತ್ತು ಮಣ್ಣಿನ ಸವಕಳಿ ತಡೆ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು, ಮತ್ತೆ ತೆರೆಯಲು ಪುನಶ್ಚೇತನ ಯೋಜನೆಯ ಷರತ್ತು ಹಾಕಿದ್ದು ಎಲ್ಲವೂ ಸರಿಯಾಗಿ ಬಂದಿದೆ. ಅಕ್ಷರದೋಷವೂ ಇಲ್ಲ. ಆದರೆ ಎರಡನೇ ಸಲ ಓದಿದ್ದು ಸಿಟ್ಟಿನಿಂದ.

ಮೂರನೇ ಪ್ಯಾರಾ ನೋಡಿ. ‘ಸಂಡೂರಿನಲ್ಲಿ ವಾರ್ಷಿಕ ಮಳೆ ಮಲೆನಾಡಿಗಿಂತ ಬಹಳ ಕಡಿಮೆ, ಆದ್ದರಿಂದ ಸಣ್ಣ ಚರಂಡಿ ಸಾಕು.’ ಈ ‘ಆದ್ದರಿಂದ’ ಎಲ್ಲಿಂದ ಬಂತು? ಚರಂಡಿಗೆ ವರ್ಷದ ಲೆಕ್ಕ ಗೊತ್ತಿಲ್ಲ, ಈಗ ಸುರಿಯುತ್ತಿರುವ ಮಳೆಯಷ್ಟೇ ಗೊತ್ತು. ನೀವು ಎಂಜಿನಿಯರು, ಸೂತ್ರ ನಿಮಗೆ ಬಾಯಿಪಾಠ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಬೀಳುವ ಮಳೆಯ ಮಿಲಿಮೀಟರ್, ಜಾಗದ ಹೆಕ್ಟೇರ್, ಮೂರನ್ನೂ ಗುಣಿಸಿ 360ರಿಂದ ಭಾಗಿಸಬೇಕು. ಹತ್ತು ಹೆಕ್ಟೇರ್ ಬೋಳು ಇಳಿಜಾರು, ಗುಣಾಂಕ 0.6, ಗಂಟೆಗೆ 60 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಘನ ಮೀಟರ್ ನೀರು. ತಾರಸಿಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕುಗಳನ್ನು ಸೆಕೆಂಡಿಗೊಂದರಂತೆ ಬೋರಲು ಹಾಕಿದ ಹಾಗೆ. ಇನ್ನೊಮ್ಮೆ ಹೇಳಿ, ಸಣ್ಣ ಚರಂಡಿ ಸಾಕೇ?

ಮುಂದಿನ ಪ್ಯಾರಾ: ‘ತ್ಯಾಜ್ಯ ರಾಶಿಯ ಬುಡದಲ್ಲಿ ಗಾರ್ಲೆಂಡ್ ಡ್ರೈನ್ (ರಾಶಿಯನ್ನು ಸುತ್ತುವರಿಯುವ ಚರಂಡಿ) ನಿರ್ಮಿಸಲಾಗುವುದು. ನೀರನ್ನು ಸೆಟ್ಲಿಂಗ್ ಪಾಂಡ್‌ಗೆ ಹರಿಸಲಾಗುವುದು. ಹೂಳನ್ನು ಕಾಲಕಾಲಕ್ಕೆ ತೆಗೆಯಲಾಗುವುದು.’ ಮೂರು ವಾಕ್ಯ, ಮೂರು ‘ಲಾಗುವುದು’. ಯಾರು ತೆಗೆಯುತ್ತಾರೆ? ಮುಂಗಾರಿಗೆ ಮೊದಲೋ, ಆಮೇಲೋ? ‘ಕಾಲಕಾಲ’ ಎಂಬ ತಿಂಗಳು ಯಾವ ಪಂಚಾಂಗದಲ್ಲೂ ಇಲ್ಲ. ನಾಲ್ಕನೆಯ ವಾಕ್ಯ ಇನ್ನೂ ಸೊಗಸು: ‘ಕೊಳದಲ್ಲಿ ಮಣ್ಣು ತಂಗಿ ತಿಳಿನೀರು ಹೊರಹೋಗುತ್ತದೆ.’ ಮರಳು ತಂಗುತ್ತದೆ, ಕೆಲವೇ ನಿಮಿಷಗಳಲ್ಲಿ. 0.002 ಮಿ.ಮೀ.ನ ಜೇಡಿಕಣ ಅಲುಗಾಡದ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಮೂರು ದಿನ ಬೇಕು. ನಿಮ್ಮ ಕೊಳ ಅಷ್ಟು ಹೊತ್ತು ನೀರು ಹಿಡಿದಿಡುತ್ತದೆಯೇ? ಇಲ್ಲವಾದರೆ ಹೊರಹೋಗುವುದು ಕೆಂಪು ನೀರೇ. ಅದಕ್ಕೇ ಅಲ್ಲವೇ ಮಣ್ಣು ಮೊದಲಿಗೇ ಕದಲದಂತೆ ಇಳಿಜಾರಿಗೆ ತೆಂಗಿನ ನಾರಿನ ಹಾಸು ಹೊದಿಸಿ ಹುಲ್ಲು ಬೆಳೆಸುವುದು? ಅದಕ್ಕೆ ನೀವು ಕೊಟ್ಟಿರುವುದು ಅರ್ಧ ಸಾಲು.

‘ಲಾಗುವುದು’ ಕಂಡರೆ ನನಗೆ ಮೈ ಉರಿಯುವುದಕ್ಕೆ ಹಳೆಯ ಕಾರಣವಿದೆ. ಹೊಸದಾಗಿ ವರದಿಗಾರನಾಗಿದ್ದಾಗ, ಗಣಿಯ ಕೆಳಗಿನ ಊರೊಂದರ ಬಗ್ಗೆ ‘ಕೆರೆಯಲ್ಲಿ ಹೂಳು ತುಂಬಿಕೊಂಡಿದೆ’ ಎಂದು ಬರೆದುಕೊಟ್ಟಿದ್ದೆ. ನಮ್ಮ ಸಂಪಾದಕರು ಹಾಳೆಯನ್ನು ಹಿಂದಕ್ಕೆ ತಳ್ಳಿ, ‘ತಾನಾಗಿ ತುಂಬಿಕೊಂಡಿತೇ? ಹಳ್ಳ ಹಿಡಿದು ಮೇಲಕ್ಕೆ ಹೋಗಿ ಬನ್ನಿ’ ಎಂದರು. ನನ್ನ ವರದಿ ಹಳ್ಳ ಹಿಡಿಯಿತು ಎಂದೇ ನಾನು ಅಂದುಕೊಂಡೆ. ಮಳೆಯಲ್ಲೇ ಹತ್ತಿದೆ. ಗಣಿ ರಸ್ತೆಯ ಪಕ್ಕದಲ್ಲಿ ಕಲ್ಲು ಕಟ್ಟಿದ ಚೆಂದದ ಚರಂಡಿ ಇತ್ತು. ಅದರೊಳಗೆ ಬೊಗಸೆಯಷ್ಟು ನೀರು. ರಸ್ತೆ ಸಮ ಮಾಡುವ ಗ್ರೇಡರ್ ಅಂಚಿಗೆ ತಳ್ಳಿದ ಮಣ್ಣು, ಚರಂಡಿಯ ಉದ್ದಕ್ಕೂ ಮೊಣಕಾಲೆತ್ತರದ ಬದುವಾಗಿ ನಿಂತಿತ್ತು. ನೀರೆಲ್ಲ ಲಾರಿ ಗಾಲಿಯ ಜಾಡಿನಲ್ಲೇ ಕೆಂಪಗೆ ಇಳಿದು ಹಳ್ಳ ಸೇರುತ್ತಿತ್ತು. ನನ್ನ ಒಂದು ಚಪ್ಪಲಿಯೂ ಅದರ ಜೊತೆ ಹೋಯಿತು. ಎರಡನೇ ವರದಿಯನ್ನು ಅವರು ಒಂದು ಮಾತೂ ಆಡದೆ ಅಚ್ಚಿಗೆ ಕಳಿಸಿದರು. ಚಪ್ಪಲಿಯ ದುಡ್ಡು ಕೇಳುವ ಧೈರ್ಯ ನನಗೆ ಬರಲಿಲ್ಲ.

ಚೆಕ್ ಡ್ಯಾಂ, ಗಿಡ ನೆಡುವ ಭಾಗಗಳು ಇದ್ದಂತೆಯೇ ಇರಲಿ. ಈ ಎರಡು ಪ್ಯಾರಾಗಳನ್ನು ಮಾತ್ರ ಜೋರು ಮಳೆಯ ದಿನ ಗಣಿಯಲ್ಲಿ ನಿಂತು ನೋಡಿದ ಮೇಲೆ ಬರೆದು ಕಳಿಸಿ. ಅಂದಹಾಗೆ, ನಿಮ್ಮ ನಕ್ಷೆಯಲ್ಲಿ ಪೂರ್ವದ ಚರಂಡಿಯ ಬಾಣ 720 ಮೀಟರ್ ಎತ್ತರದ ಗೆರೆಯಿಂದ 730ರ ಗೆರೆಯತ್ತ ಹೊರಟಿದೆ. ಅದನ್ನೂ ತಿರುಗಿಸಿ.