ಲೆಕ್ಕ ಪ್ರಶ್ನೋತ್ತರ: ಕೋರ್ಸಿನ ಹಣ ಯಾವ ಸಂಕೇತದಡಿ ಕುಳಿತಿದೆ?

ಪ್ರಶ್ನೆ: ನಾನು ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಸ್ವ-ಹಣಕಾಸು ಯೋಜನೆಯಡಿ, ಅಂದರೆ ವಿದ್ಯಾರ್ಥಿಗಳ ಶುಲ್ಕದಿಂದಲೇ, ನಡೆಯುವ ಸ್ನಾತಕೋತ್ತರ ಡಿಪ್ಲೊಮಾ ಕೋರ್ಸಿನ ಸಂಯೋಜಕಿ. ನಾನು ಬರೆದಿಟ್ಟ ರಿಜಿಸ್ಟರಿನ ಪ್ರಕಾರ ಕೋರ್ಸಿನ ಲೆಕ್ಕದಲ್ಲಿ 1,86,000 ರೂಪಾಯಿ ಉಳಿದಿದೆ. ಹಣಕಾಸು ವಿಭಾಗದವರ ಪಟ್ಟಿಯಲ್ಲಿ ಮಾತ್ರ ನಾವು 42,000 ರೂಪಾಯಿ ಹೆಚ್ಚು ಖರ್ಚು ಮಾಡಿದ್ದೇವೆ. ಎರಡೂ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮುಂದಿನ ವರ್ಷ ಹೀಗಾಗದಂತೆ ಲೆಕ್ಕ ಸಂಕೇತಗಳನ್ನು (ಪ್ರತಿ ಜಮೆಗೂ ಖರ್ಚಿಗೂ ಗುರುತಾಗಿ ಬರೆಯುವ ಸಂಖ್ಯೆಗಳನ್ನು) ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ನೀವು ಕಳಿಸಿದ ಪ್ರತಿಗಳನ್ನು ಸಾಲು ಸಾಲಾಗಿ ತಾಳೆ ನೋಡಿದೆ. ವ್ಯತ್ಯಾಸ 2,28,000 ರೂಪಾಯಿ, ಮತ್ತು ಅದರಲ್ಲಿ ಒಂದು ರೂಪಾಯಿಯೂ ಕಳೆದುಹೋಗಿಲ್ಲ. ಹದಿನೈದು ವಿದ್ಯಾರ್ಥಿಗಳು ತಲಾ 12,000ದಂತೆ ಕಟ್ಟಿದ ಎರಡನೇ ಕಂತಿನ 1,80,000 ರೂಪಾಯಿ, ಚಲನ್‌ನಲ್ಲಿ ಕೋರ್ಸಿನ ಸಂಖ್ಯೆ ಇಲ್ಲದ ಕಾರಣ, ವಿಶ್ವವಿದ್ಯಾಲಯದ ಸಾಮಾನ್ಯ ಶುಲ್ಕದ ಬಾಬ್ತಿಗೆ ಜಮಾ ಆಗಿದೆ. ಉಳಿದ 48,000, ನಿಮ್ಮದೇ ವಿಭಾಗದ ಇನ್ನೊಂದು ಕೋರ್ಸಿನ ಅತಿಥಿ ಉಪನ್ಯಾಸಕರಿಗೆ ಕೊಟ್ಟ ಗೌರವಧನ. ಆ ವೋಚರಿನ ಮೇಲೆ ವಿಭಾಗದ ಹೆಸರು ಮಾತ್ರ ಇದ್ದುದರಿಂದ ಗುಮಾಸ್ತರು ಅದನ್ನು ನಿಮ್ಮ ಕೋರ್ಸಿಗೆ ಖರ್ಚು ಹಾಕಿದ್ದಾರೆ. ಅವರನ್ನು ದೂರುವಂತಿಲ್ಲ, ಏಕೆಂದರೆ ಕಾಗದದಲ್ಲಿ ಇಲ್ಲದ ವಿವರವನ್ನು ಅವರು ಊಹಿಸಲಾರರು.

ಸರ್ಕಾರದ ಲೆಕ್ಕ ಶೀರ್ಷಿಕೆ ಇರುವಾಗ ಬೇರೆ ಸಂಕೇತವೇಕೆ ಎಂದು ನಿಮ್ಮ ಕಚೇರಿಯಲ್ಲಿ ಕೇಳಬಹುದು. ರಾಜ್ಯ ಆಯವ್ಯಯದ ಹದಿನೈದು ಅಂಕಿಗಳ ಶೀರ್ಷಿಕೆಯಲ್ಲಿ 2202 ಎಂದರೆ ಸಾಮಾನ್ಯ ಶಿಕ್ಷಣ, ಅದರೊಳಗೆ 03 ಎಂದರೆ ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ, ಅದರೊಳಗೆ 102 ಎಂದರೆ ವಿಶ್ವವಿದ್ಯಾಲಯಗಳಿಗೆ ನೆರವು. ಹಣ ಖಜಾನೆಯಿಂದ ವಿಶ್ವವಿದ್ಯಾಲಯದ ಬಾಗಿಲಿಗೆ ಬರುವವರೆಗಿನ ದಾರಿಯನ್ನು ಈ ಅಂಕಿಗಳು ಹೇಳುತ್ತವೆ. ಒಳಗೆ ಬಂದ ಮೇಲೆ ಅದು ಯಾವ ಕೋರ್ಸಿಗೆ ಹೋಯಿತು ಎಂಬುದನ್ನು ಹೇಳುವುದು ಅವುಗಳ ಕೆಲಸವಲ್ಲ, ಮತ್ತು ನಿಮ್ಮ ಕೋರ್ಸಿನ ಶುಲ್ಕವಂತೂ ಆ ದಾರಿಯಲ್ಲಿ ಬಂದದ್ದೇ ಅಲ್ಲ.

ಒಳಗಿನ ಸಂಕೇತವು ಮೂರು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರ ಕೊಡಬೇಕು: ಹಣ ಯಾರದು, ಯಾವ ಕೋರ್ಸಿಗಾಗಿ, ಯಾವ ಬಾಬ್ತಿಗೆ. ಉದಾಹರಣೆಗೆ 2-1407-31 ಎಂಬ ಸಂಕೇತದಲ್ಲಿ 2 ಎಂದರೆ ಕೋರ್ಸಿನ ಶುಲ್ಕದ ಹಣ (ರಾಜ್ಯದ ಅನುದಾನಕ್ಕೆ 1, ಹೊರಗಿನ ಯೋಜನೆಗೆ 3 ಎಂದಿಟ್ಟುಕೊಳ್ಳಿ), 14 ನಿಮ್ಮ ವಿಭಾಗ, 07 ನಿಮ್ಮ ಕೋರ್ಸು, 31 ಗೌರವಧನ. ಪಕ್ಕದ ಕೋರ್ಸು 1408 ಆಗಿದ್ದು, ಆ ನಾಲ್ಕು ಅಂಕಿಗಳು ವೋಚರಿನ ಮೇಲಿದ್ದಿದ್ದರೆ 48,000 ರೂಪಾಯಿ ದಾರಿ ತಪ್ಪುತ್ತಿರಲಿಲ್ಲ. ನಿಮ್ಮಲ್ಲಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಬಳಸುವುದಾದರೆ ಬಾಬ್ತನ್ನು ಲೆಡ್ಜರ್ (ಖಾತೆ) ಆಗಿಯೂ ಕೋರ್ಸನ್ನು ಕಾಸ್ಟ್ ಸೆಂಟರ್ (ಖರ್ಚು ಯಾರಿಗೆ ಸೇರಿದ್ದು ಎಂಬ ಗುರುತು) ಆಗಿಯೂ ಇಡಿಸಿ. ಪ್ರತಿ ಕೋರ್ಸಿಗೂ ಪ್ರತ್ಯೇಕ ಗೌರವಧನದ ಲೆಡ್ಜರ್ ತೆರೆಯುವ ಅಭ್ಯಾಸದಿಂದ ಪಟ್ಟಿ ಉದ್ದವಾಗುತ್ತದೆಯೇ ಹೊರತು ಲೆಕ್ಕ ಸ್ಪಷ್ಟವಾಗುವುದಿಲ್ಲ. ಪಟ್ಟಿ ಅತಿಯಾದಾಗ ಅವಸರದಲ್ಲಿರುವ ಕೈ ಎಲ್ಲವನ್ನೂ ‘ಇತರೆ ವೆಚ್ಚ’ಕ್ಕೆ ತಳ್ಳುತ್ತದೆ, ಇದನ್ನು ನಾನು ಅನೇಕ ಕಚೇರಿಗಳಲ್ಲಿ ಕಂಡು ನೊಂದಿದ್ದೇನೆ. ಆರ್ಥಿಕ ವರ್ಷವನ್ನು ಸಂಕೇತದೊಳಗೆ ಸೇರಿಸಬೇಡಿ. ಮುಚ್ಚಿದ ಕೋರ್ಸಿನ ಸಂಖ್ಯೆಯನ್ನು ಹೊಸದಕ್ಕೆ ಕೊಡಲೂಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಸಂಕೇತ ಹುಟ್ಟಬೇಕಾದ ಜಾಗ ಹಣಕಾಸು ವಿಭಾಗವಲ್ಲ, ನಿಮ್ಮ ಮೇಜು. ಬಿಲ್ಲಿಗೆ ಸಹಿ ಹಾಕುವಾಗಲೇ ಅದನ್ನು ಬರೆಯಿರಿ, ಮತ್ತು ಶುಲ್ಕದ ಚಲನ್‌ನಲ್ಲಿ ಕೋರ್ಸಿನ ಸಂಖ್ಯೆ ಮೊದಲೇ ಮುದ್ರಣವಾಗಿ ಬರುವಂತೆ ಕೇಳಿಕೊಳ್ಳಿ. ಖರ್ಚಿಗೆ ಸಂಕೇತ ಬರೆಯುವವರೂ ಜಮೆಗೆ ಬರೆಯುವುದನ್ನು ಮರೆಯುತ್ತಾರೆ. ಸರಬರಾಜು ಆದೇಶ ಕೊಟ್ಟಿದ್ದು ಬಿಲ್ಲು ಬಾರದ ಮೊತ್ತಕ್ಕೆ ರಿಜಿಸ್ಟರಿನಲ್ಲಿ ಪ್ರತ್ಯೇಕ ಕಾಲಂ ಇರಲಿ, ಇಲ್ಲವಾದರೆ ಆಗಲೇ ಮಾತು ಕೊಟ್ಟ ಹಣವೂ ಉಳಿಕೆಯಂತೆ ಕಾಣುತ್ತದೆ. ವಿದ್ಯುತ್ತು, ಗ್ರಂಥಾಲಯದಂಥ ಸಾಮಾನ್ಯ ವೆಚ್ಚದ ಪಾಲನ್ನು ವರ್ಷದ ಆರಂಭದಲ್ಲೇ ಲಿಖಿತವಾಗಿ ನಿಗದಿಪಡಿಸಿಕೊಳ್ಳುವುದು ಒಳ್ಳೆಯದು.

ಈ ವರ್ಷದ ತಪ್ಪನ್ನು ತಿದ್ದಲು ಚಲನ್ ಮತ್ತು ವೋಚರಿನ ಸಂಖ್ಯೆ, ದಿನಾಂಕಗಳೊಂದಿಗೆ ಹಣಕಾಸು ಅಧಿಕಾರಿಗಳಿಗೆ ಪತ್ರ ಬರೆದು, ಮಾರ್ಚ್ 31ರೊಳಗೆ ಹೊಂದಾಣಿಕೆ ವೋಚರ್ (ತಪ್ಪಾಗಿ ಬಿದ್ದ ಮೊತ್ತವನ್ನು ಸರಿಯಾದ ಲೆಕ್ಕಕ್ಕೆ ವರ್ಗಾಯಿಸುವ ನಮೂದು) ಮಾಡಿಸಿ. ಹಳೆಯ ನಮೂದನ್ನು ಅಳಿಸಲು ಹೇಳಬೇಡಿ, ಲೆಕ್ಕಪರಿಶೋಧಕರಿಗೆ ತಪ್ಪೂ ತಿದ್ದುಪಡಿಯೂ ಎರಡೂ ಕಾಣಬೇಕು.

ಪ್ರಶ್ನೆ: ಕೇಂದ್ರ ಸರ್ಕಾರದ ಅನುದಾನದ ಸಂಶೋಧನಾ ಯೋಜನೆಯ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬಂದಿದೆ. ಅದನ್ನು ಯೋಜನೆಗೇ ಖರ್ಚು ಮಾಡಬಹುದೇ?

ಉತ್ತರ: ನಿಮ್ಮಷ್ಟಕ್ಕೆ ನೀವೇ ಖರ್ಚು ಮಾಡುವಂತಿಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ 230ನೇ ನಿಯಮದಂತೆ, ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮಗೊಂಡ ಕೂಡಲೇ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಮುಖ್ಯ ನಿಧಿಗೆ, ಕಟ್ಟಬೇಕು. ಆದ್ದರಿಂದ ಯೋಜನೆಯ ಸಂಖ್ಯೆಯಡಿಯೇ ಬಡ್ಡಿಗೆ ಪ್ರತ್ಯೇಕ ಬಾಬ್ತು ತೆರೆದಿಡಿ. ಅದು ಅನುದಾನದ ಜಮೆಯೊಂದಿಗೆ ಬೆರೆತರೆ, ಹಣ ಬಳಕೆ ಪ್ರಮಾಣಪತ್ರ ತಯಾರಿಸುವ ದಿನ ಬ್ಯಾಂಕಿನ ಪಾಸ್‌ಬುಕ್ಕನ್ನು ಮೊದಲ ಪುಟದಿಂದ ತಿರುವಬೇಕಾಗುತ್ತದೆ.