ಭಿತ್ತಿ ಇದ್ದ ಮಾತ್ರಕ್ಕೆ ಬಂಧುಗಳೇ?

ಪ್ರಶ್ನೆ: ಬ್ಯಾಕ್ಟೀರಿಯಾಕ್ಕೂ ಸಸ್ಯಕೋಶಕ್ಕೂ ಕೋಶಭಿತ್ತಿ ಇದೆ, ಪ್ರಾಣಿಕೋಶಕ್ಕೆ ಇಲ್ಲ. ಹಾಗಾದರೆ ಸಸ್ಯಗಳು ಪ್ರಾಣಿಗಳಿಗಿಂತ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಹತ್ತಿರವೇ?

ಉತ್ತರ: ಇಲ್ಲ. ಹೆಸರು ಒಂದೇ ಆದರೂ ಈ ಎರಡು ಭಿತ್ತಿಗಳ ವಸ್ತು ಬೇರೆ. ಸಸ್ಯದ ಭಿತ್ತಿಯಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಇದ್ದರೆ, ಬಹುತೇಕ ಬ್ಯಾಕ್ಟೀರಿಯಾಗಳ ಭಿತ್ತಿ ಪೆಪ್ಟಿಡೋಗ್ಲೈಕಾನ್‌ನದು, ಅಂದರೆ ಸಕ್ಕರೆಯ ಸರಪಳಿಗಳನ್ನು ಅಮೈನೋ ಆಮ್ಲಗಳ ಕೊಂಡಿಗಳು ಬೆಸೆದ ಜಾಲ. ಪೆನ್ಸಿಲಿನ್ ತಡೆಯುವುದು ಈ ಹೆಣಿಗೆಯನ್ನೇ. ನಮ್ಮ ಕೋಶಗಳಲ್ಲಿ ಅಂಥ ಜಾಲವೇ ಇಲ್ಲದಿರುವುದರಿಂದ ಆ ಪೆಟ್ಟು ಅವುಗಳಿಗೆ ತಗಲುವುದಿಲ್ಲ.

ನಿಜವಾದ ಗಡಿಯನ್ನು ಎಳೆಯುವುದು ಕೋಶಕೇಂದ್ರ. ಸಸ್ಯ ಮತ್ತು ಪ್ರಾಣಿಕೋಶಗಳ ಡಿಎನ್‌ಎ ಬಹುಪಾಲು ಅದರ ಪೊರೆಯೊಳಗಿರುತ್ತದೆ. ಬ್ಯಾಕ್ಟೀರಿಯಾದಲ್ಲಿ ಅದು ಸಾಮಾನ್ಯವಾಗಿ ಒಂದೇ ಉಂಗುರವಾಗಿ ಕೋಶದ್ರವ್ಯದಲ್ಲೇ ಇರುತ್ತದೆ. ಸಸ್ಯಕೋಶದ ದೊಡ್ಡ ರಸದಾನಿ (ನೀರು ತುಂಬಿದ ಚೀಲ), ಬೆಳಕಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್‌ಗಳು ಆ ಮೂಲ ಸಾಮ್ಯದ ಮೇಲಿನ ಸೇರ್ಪಡೆಗಳು.

ಆದರೂ ನಿಮ್ಮ ಊಹೆಯಲ್ಲಿ ಬೆರಗಿನ ಒಂದು ಎಳೆ ಇದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಮತ್ತು ಕ್ಲೋರೋಪ್ಲಾಸ್ಟ್‌ಗಳು ತಮ್ಮದೇ ಡಿಎನ್‌ಎ, ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳನ್ನು ಹೊಂದಿದ್ದು ವಿಭಜನೆಯಿಂದಲೇ ಹೆಚ್ಚುತ್ತವೆ. ಅವು ಪ್ರಾಚೀನ ಕೋಶಗಳೊಳಗೆ ಸೇರಿ ನೆಲೆಸಿದ ಬ್ಯಾಕ್ಟೀರಿಯಾಗಳ ವಂಶಜರೆಂದು ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು. ಜೀವವಿಜ್ಞಾನ ಇಂದು ಅದನ್ನು ಒಪ್ಪಿದೆ. ಮೈಟೊಕಾಂಡ್ರಿಯ ಪ್ರಾಣಿಕೋಶದಲ್ಲೂ ಇರುವುದರಿಂದ ಈ ನಂಟು ಸಸ್ಯಗಳದ್ದಷ್ಟೇ ಅಲ್ಲ.