ಬೆನ್ನುಹುರಿಗೆ ಪೆಟ್ಟಾದಾಗ ಸಂವೇದನಾ ತಂತುಗಳು ಏನು ಮಾಡುತ್ತವೆ?

ಕೈಯ ನರ ತುಂಡಾದರೆ ಹೊಲಿದ ಮೇಲೆ ಮತ್ತೆ ಬೆಳೆಯುತ್ತದೆ, ಬೆನ್ನುಹುರಿಯೊಳಗಿನ ತಂತು ಮಾತ್ರ ಏಕೆ ಸುಮ್ಮನೆ ಸಾಯುತ್ತದೆ ಎಂದು ಕೇಳಿದ್ದೀರಿ. ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವನು. ಪ್ರತಿ ತರಗತಿಯಲ್ಲೂ ಏಳುವ ಪ್ರಶ್ನೆ ಇದು, ಆದರೆ 'ಸುಮ್ಮನೆ' ಎಂಬುದನ್ನು ನಾನು ಒಪ್ಪುವುದಿಲ್ಲ.

ಕಾಲ್ಬೆರಳಿನ ಸ್ಪರ್ಶವನ್ನು ಒಯ್ಯುವ ನರಕೋಶದ ದೇಹ ಬೆನ್ನುಹುರಿಯ ಪಕ್ಕದ ಗಂಟಿನಲ್ಲಿರುತ್ತದೆ. ಅದರಿಂದ ಹೊರಟ ಎಳೆ, ಅಂದರೆ ತಂತು, ಕವಲೊಡೆದು ಒಂದು ಚರ್ಮದ ಕಡೆಗೂ ಇನ್ನೊಂದು ಬೆನ್ನುಹುರಿಯ ಹಿಂಭಾಗದಲ್ಲಿ ಮಿದುಳಿನ ಬುಡದವರೆಗೂ ಸಾಗುತ್ತದೆ. ಚರ್ಮದ ಕವಲು ಕತ್ತರಿಸಿದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತದೆ. ಅದೇ ಕೋಶದ ಒಳಗಿನ ಕವಲು ಬೆಳೆದು ಗುರಿ ಮುಟ್ಟುವುದಿಲ್ಲ.

ಹಾಗೆಂದು ಅದು ಕೈಕಟ್ಟಿ ಕೂರುವುದೂ ಇಲ್ಲ. ತಂತುಗಳು ಹೊಳೆಯುವಂತೆ ಮಾಡಿದ ಪುಟ್ಟ ಇಲಿಗಳ ಬೆನ್ನುಹುರಿಯನ್ನು ಜೀವಂತವಾಗಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿದ ಪ್ರಯೋಗವೊಂದು 2005ರಲ್ಲಿ ಪ್ರಕಟವಾಯಿತು. ಕತ್ತರಿಸಿದ ಅರ್ಧ ಗಂಟೆಯೊಳಗೆ ಎರಡೂ ತುದಿಗಳು ನೂರಾರು ಮೈಕ್ರೋಮೀಟರ್ ನಶಿಸಿ ಹಿಂದೆ ಸರಿದವು. ಆಮೇಲೆ, 6ರಿಂದ 24 ಗಂಟೆಯೊಳಗೆ, ಕೋಶಕ್ಕೆ ಅಂಟಿಕೊಂಡಿದ್ದ ಅನೇಕ ತುದಿಗಳು ಚಿಗುರಿದವು! ಚಿಗುರಿದರೂ ದಿಕ್ಕು ಸಿಗದೆ ಅಲೆದವು.

ಅಡ್ಡಿಗಳು ಕೋಶದ ಹೊರಗೂ ಇವೆ: ತಂತುಗಳನ್ನು ಸುತ್ತಿದ ಕೊಬ್ಬಿನ ಹೊದಿಕೆಯಾದ ಮಯಲಿನ್‌ನಲ್ಲಿರುವ ನೋಗೋ ಎಂಬ ಪ್ರೋಟೀನು, ಗಾಯದ ಕಲೆಯಲ್ಲಿ ಶೇಖರವಾಗುವ ಸಕ್ಕರೆಯಂಶ ಹೊತ್ತ ಅಣುಗಳು. ಪಠ್ಯಪುಸ್ತಕಗಳು ಇವನ್ನೇ ದೂರಿ ಮುಗಿಸುತ್ತವೆ. ನನಗೆ ಅಷ್ಟರಿಂದ ಸಮಾಧಾನವಿಲ್ಲ. ಏಕೆಂದರೆ 1999ರಲ್ಲಿ ನ್ಯೂಮನ್ ಮತ್ತು ವುಲ್ಫ್ ಎಂಬ ಸಂಶೋಧಕರು ಇಲಿಗಳ ತೊಡೆಯ ಸಯಾಟಿಕ್ ನರವನ್ನು ಕತ್ತರಿಸಿ, ಒಂದು ವಾರ ಬಿಟ್ಟು ಬೆನ್ನುಹುರಿಗೆ ಗಾಯ ಮಾಡಿದರು. ಆಗ ಒಳಗಿನ ತಂತುಗಳು ಗಾಯವನ್ನು ದಾಟಿ ಬೆಳೆದವು. ಎರಡನ್ನೂ ಒಂದೇ ದಿನ ಕತ್ತರಿಸಿದಾಗ ಗಾಯದೊಳಗೆ ನುಗ್ಗಿದವೇ ಹೊರತು ದಾಟಲಿಲ್ಲ. ಅಡ್ಡಿಗಳು ಹಾಗೆಯೇ ಇದ್ದವು, ಬದಲಾದದ್ದು ಕೋಶದ ಸ್ಥಿತಿ. ಚರ್ಮದ ಕಡೆಯ ಕವಲು ತುಂಡಾದರೆ ಕೋಶ ಬೆಳವಣಿಗೆಯ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಒಳಗಿನ ಕವಲು ತುಂಡಾದರೆ ಆ ಎಚ್ಚರ ಬಹುಮಟ್ಟಿಗೆ ಮೂಡುವುದಿಲ್ಲ. ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಗಂಟಿಗೆ ಚುಚ್ಚಿ ಈ ಪರಿಣಾಮವನ್ನು ಭಾಗಶಃ ತರಬಹುದೆಂದು 2002ರಲ್ಲಿ ತೋರಿಸಿದರು. ಮನುಷ್ಯರ ಕಾಲಿನ ನರವನ್ನು ಮುಂಚಿತವಾಗಿ ಕತ್ತರಿಸಿಡಲು ಸಾಧ್ಯವಿಲ್ಲವಲ್ಲ, ಹಾಗಾಗಿ ಇಂಥ ಒಳದಾರಿಗಳ ಹುಡುಕಾಟ.

ಇನ್ನು, ಚಿಗುರಿದ್ದೆಲ್ಲ ಒಳ್ಳೆಯದೂ ಅಲ್ಲ. ನೋವಿನ ಸಣ್ಣ ತಂತುಗಳು ಬೆನ್ನುಹುರಿಯೊಳಗೆ ತಮ್ಮದಲ್ಲದ ಪದರಗಳಿಗೆ ಕವಲು ಚಾಚುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಗಾಯಾಳುಗಳನ್ನು ಕಾಡುವ ದೀರ್ಘಕಾಲದ ಉರಿನೋವಿಗೆ ಇದೂ ಒಂದು ಕಾರಣವೆಂಬ ಶಂಕೆಯಿದೆ.